ನಮ್ಮ ಮೊಮ್ಮಗಳ ಮೊದಲ ಸಂಕ್ರಾಂತಿಗೆ ಜೊತೆಯಾದ ಎಲ್ಲರಿಗೂ

ಮೊನ್ನೆ ಭಾನುವಾರ ಪಾಂಡವಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಹುಟ್ಟಿದಾಗ 1 ಕಿಲೋ 450 ಗ್ರಾಂ ಇದ್ದ ಕೂಸು ಈಗ ಮೂರು ಕಿಲೋ ದಾಟಿದೆ. ಬಂದವರೆಲ್ಲ "ದೇವರು ದೊಡ್ಡವನು" ಅಂದರು. ಹೌದು, ದೊಡ್ಡವನೇ. ಆದರೆ ಆ ದೇವರ ಕೆಲಸಕ್ಕೆ ಯಾರ್ಯಾರು ಕೈ ಹಾಕಿದರು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಎಷ್ಟೋ ಜನರಿಗೆ ಆಗ ನೆಟ್ಟಗೆ ಒಂದು ಮಾತು ಹೇಳಲೂ ಆಗಲಿಲ್ಲ. ಅದಕ್ಕೇ ಈ ಬರಹ.

ಮಗಳಿಗೆ ದಿನ ತುಂಬುವುದು ಫೆಬ್ರವರಿ ಕೊನೆಗೆ. ಡಿಸೆಂಬರ್ ಕೊನೆಯಲ್ಲೇ, 32 ವಾರಕ್ಕೆ, ಬಿಪಿ ಏರಿಬಿಟ್ಟಿತು. ರಾತ್ರೋರಾತ್ರಿ 108 ಆಂಬುಲೆನ್ಸ್‌ನಲ್ಲಿ ಮೈಸೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು, ಬೆಳಗಾಗುವಷ್ಟರಲ್ಲಿ ಹೆರಿಗೆ ಮಾಡಿಸಿದರು. ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳ ತೂಕ ಹಾಕಿದವಳು ನಾನು. ಎರಡೂವರೆ ಕಿಲೋಗಿಂತ ಕಡಿಮೆ ಅಂದರೆ ಏನೆಂದು ತಾಯಂದಿರಿಗೆ ತಿಳಿಹೇಳುವವಳು. ನಮ್ಮ ಮನೆಯ ಕೂಸಿನ ತೂಕ ಓದಿದಾಗ ಮಾತ್ರ ಕೈಕಾಲು ಬಿದ್ದುಹೋದವು.

ನಮ್ಮ ಕಡೆ ಸಂಕ್ರಾಂತಿ ಅಂದರೆ ಒಂದು ದಿನದ ಹಬ್ಬವಲ್ಲ. ಒಂದು ವಾರ ಮುಂಚೆಯೇ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಬಿಸಿಲಿಗಿಡಬೇಕು, ಕಡಲೆಬೀಜ ಹುರಿದು ಸಿಪ್ಪೆ ಕೇರಬೇಕು. ಹಬ್ಬದ ದಿನ ಗಂಡಸರು ಎತ್ತುಗಳನ್ನು ನಾಲೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಮನೆಯಲ್ಲಿ ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯುತ್ತಿರುತ್ತವೆ. ಸಂಜೆ ಕಿಚ್ಚು ಹಾಯಿಸುವುದು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಒಂದು ಸಂಕ್ರಾಂತಿಗೂ ಹೊಸಿಲು ಬಿಟ್ಟಿರಲಿಲ್ಲ. ಈ ಸಲ ಹಬ್ಬ ಬಂದಾಗ ನಾನು ವಾರ್ಡಿನಲ್ಲಿದ್ದೆ. ಮೈ ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಿಂದ ಮಗು ಆಗತಾನೆ ಹೊರಗೆ ಬಂದಿತ್ತು.

ಅಲ್ಲಿ ಕಾಂಗರೂ ಆರೈಕೆ ಅಂತ ಮಾಡಿಸುತ್ತಾರೆ. ದಿನ ತುಂಬದ ಮಕ್ಕಳಿಗೆ ಚರ್ಮದಡಿ ಕೊಬ್ಬು ಕಡಿಮೆ, ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ನೆಟ್ಟಗೆ ಒರಗಿಸಿ, ತಲೆ ಒಂದು ಮಗ್ಗುಲಿಗೆ ತಿರುಗಿಸಿ, ಬಟ್ಟೆ ಸುತ್ತಿ ಕಟ್ಟುವುದು. ದಿನಕ್ಕೆ 8 ಗಂಟೆಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಹಗಲೂ ರಾತ್ರಿ. ಇದು 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಪೆಟ್ಟಿಗೆಗಳು ಸಾಲದೆ ಬಂದಾಗ ಶುರುವಾದದ್ದಂತೆ. ಡಾಕ್ಟರು ನಮ್ಮಂಥವರನ್ನು ಕೂರಿಸಿಕೊಂಡು ಇಷ್ಟನ್ನೂ ಬಿಡಿಸಿ ಹೇಳಿದರು. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಕೂಡಿಬರಲು ಸುಮಾರು 34 ವಾರ ಆಗಬೇಕು, ಅಲ್ಲಿಯವರೆಗೆ ಅವಸರ ಮಾಡಬೇಡಿ ಎಂದರು. ಹಿಂಡಿದ ಹಾಲನ್ನು ಮೊದಲು ನಳಿಗೆಯಲ್ಲಿ, ಆಮೇಲೆ ಒಳಲೆಯಲ್ಲಿ ಕೊಟ್ಟೆವು. ಡಾಕ್ಟರೇ, ನೀವು ಅಷ್ಟು ಹೇಳದಿದ್ದರೆ ನನ್ನ ಮಗಳು "ನನಗೆ ಹಾಲು ಕುಡಿಸೋಕೂ ಬರಲ್ಲ" ಅಂತ ಅಳುತ್ತಲೇ ಇರುತ್ತಿದ್ದಳು. ನಿಮಗೆ ಕೈಮುಗಿಯುತ್ತೇನೆ.

ಹಬ್ಬದ ದಿನ ಬೆಳಗಿನ ಪಾಳಿಗೆ ಬಂದ ಸಿಸ್ಟರ್ ಮನೆಯಿಂದ ಒಂದು ಡಬ್ಬಿ ಎಳ್ಳುಬೆಲ್ಲ ತಂದಿದ್ದರು. ರೌಂಡ್ಸ್ ಶುರುವಾಗುವ ಮೊದಲೇ ಕಾಗದದಲ್ಲಿ ಚಿಟಿಕೆ ಚಿಟಿಕೆ ಕಟ್ಟಿ ಎಲ್ಲ ಬಾಣಂತಿಯರಿಗೂ ಹಂಚಿ, "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡ್ರಮ್ಮ" ಅಂದರು. ಮಗಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಮಗೂನ ನೀವು ಕಟ್ಕೊಳ್ಳಿ, ಅವಳು ಸ್ವಲ್ಪ ಮಲಗಲಿ" ಎಂದು ತಾವೇ ಕಟ್ಟಿಕೊಟ್ಟರು. ಸಿಸ್ಟರ್ ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಸಂಜೆಯೂ ಮಗು ನನ್ನ ಎದೆಯ ಮೇಲೇ ಇದ್ದಾಗ ಯಜಮಾನರು ಊರಿಂದ ವಿಡಿಯೋ ಕಳಿಸಿದರು. ಮಕ್ಕಳು ಮಲಗಿದ್ದರಿಂದ ಸದ್ದು ನಿಲ್ಲಿಸಿ ನೋಡಿದೆ. ರಸ್ತೆಗಡ್ಡ ಹುಲ್ಲು ಹೊತ್ತಿ ಉರಿಯುತ್ತಿತ್ತು. ಪಕ್ಕದ ಹಾಸಿಗೆಯ ಹುಣಸೂರು ಕಡೆಯ ಅಮ್ಮ ಬಂದು ಬಗ್ಗಿ ನೋಡಿ, "ಅಕ್ಕಯ್ಯ, ನಿಮ್ಮೆತ್ತು ಯಾವ್ವು?" ಅಂದರು. "ಹಿಂದಿನ ಜೋಡಿ, ಕೆಂಪು ಕೊಂಬಿನವು" ಅಂದೆ. ಹಗ್ಗ ಹಿಡಿದು ಓಡುತ್ತಿದ್ದವರು ನಮ್ಮ ಮನೆಯವರಲ್ಲ, ಬೀದಿಯ ಹುಡುಗರು! ಕಬ್ಬು ಕಡಿಸುವುದು, ಮನೆ, ಮೈಸೂರಿನ ಓಡಾಟ ಎಲ್ಲದರಲ್ಲಿ ಯಜಮಾನರು ಸೋತುಹೋಗಿದ್ದಾರೆಂದು ಯಾರೂ ಕೇಳದೆಯೇ ತಾವಾಗಿ ಬಂದು ಎತ್ತು ತೊಳೆದು ಸಿಂಗರಿಸಿದ್ದರು. ಕಿಚ್ಚು ಹಾಯ್ದರೆ ದನಗಳ ಮೈಮೇಲಿನ ಉಣ್ಣಿ ಹುಳ ಉದುರುತ್ತದೆ ಅನ್ನುತ್ತಾರೆ ಹಿರಿಯರು. ನನಗಂತೂ ಆ ಹೊತ್ತಿಗೆ ಎದೆಯೊಳಗಿನ ಭಯವೇ ಉದುರಿದ ಹಾಗಾಯಿತು. ಹುಡುಗರೇ, ನಿಮ್ಮ ಋಣ ದೊಡ್ಡದು.

ಆ ಹುಣಸೂರಿನ ಅಮ್ಮನ ಮಗನಿಗೆ ಹೊಗೆಸೊಪ್ಪಿನ ಹರಾಜಿನ ಕಾಲ, ಬರಲು ಆಗುತ್ತಿರಲಿಲ್ಲ. ಅವರ ಕಷ್ಟವೇ ಅಷ್ಟಿದ್ದರೂ ನಾನು ಸ್ನಾನಕ್ಕೆ ಹೋದಾಗ, ಔಷಧಿ ತರಲು ಹೋದಾಗ ನನ್ನ ಮಗಳ ಪಕ್ಕ ಕೂರುತ್ತಿದ್ದವರು ಅವರೇ. ತೊಳೆದು ತೊಳೆದು ಮೆತ್ತಗಾದ ತಮ್ಮ ನೂಲಿನ ಸೀರೆ ಹರಿದು ನಮ್ಮ ಮಗುವಿಗೂ ಕಟ್ಟುಬಟ್ಟೆ ಮಾಡಿಕೊಟ್ಟರು. ಅಮ್ಮ, ಆ ಬಟ್ಟೆಯಲ್ಲೇ ಕೂಸನ್ನು ಮನೆಗೆ ಕರೆತಂದೆವು.

ವಾರಗಿತ್ತಿ ಬಿಡುವಾದಾಗೆಲ್ಲ ಬಸ್ಸಿನಲ್ಲಿ ಬಾಣಂತಿಯ ಊಟ ಹೊತ್ತು ತಂದಳು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ್ದು ಎಷ್ಟು ಅನುಕೂಲ ಅನ್ನುವುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು. ಆಸ್ಪತ್ರೆ ಹೊರಗಿನ ಟೀ ಅಂಗಡಿಯವರು ಫ್ಲಾಸ್ಕಿಗೆ ಬಿಸಿನೀರು ತುಂಬಿ ಒಂದು ದಿನವೂ ಕಾಸು ಮುಟ್ಟಲಿಲ್ಲ. ವಾರ್ಡು ಒರೆಸುತ್ತಿದ್ದ ಅಕ್ಕ ದಿನಾ ಬೆಳಿಗ್ಗೆ ಮಗುವಿನ ತೂಕ ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ನಮ್ಮೂರಿನ ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಬಂದು ತೂಕ, ಮೈಬಿಸಿ ನೋಡಿಹೋದರು. ಎಲ್ಲರಿಗೂ ನಮ್ಮ ಮನೆಯವರ ನಮಸ್ಕಾರ.

ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಸಂಕ್ರಾಂತಿಯಲ್ಲಿ ಎಳಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಎರೆಯುತ್ತೇವೆ. ಈ ಸಲ ಆಗಲಿಲ್ಲ, ಮುಂದಿನ ವರ್ಷ ಎರೆಯುತ್ತೇವೆ. ಡಾಕ್ಟರು, ಸಿಸ್ಟರ್, ಹುಣಸೂರಿನ ಅಮ್ಮ ಮೊಮ್ಮಗನ ಜೊತೆ, ಟೀ ಅಂಗಡಿ ಅಣ್ಣ, ಎಲ್ಲರೂ ಬರಬೇಕು. ಎರಡೂ ಮಕ್ಕಳನ್ನು ಒಟ್ಟಿಗೇ ಕೂರಿಸಿ ಎರೆಯೋಣ. ಪಾಂಡವಪುರ ಬಸ್ ಸ್ಟ್ಯಾಂಡಿಗೆ ಬಂದು ಒಂದು ಫೋನ್ ಮಾಡಿ, ಯಜಮಾನರು ಗಾಡಿ ತರುತ್ತಾರೆ. ಹುಗ್ಗಿ, ಅವರೆಕಾಳು ಸಾರು ಮಾಡಿರುತ್ತೇನೆ. ಕಿಚ್ಚು ಹಾಯಿಸುವುದನ್ನು ನೋಡಿಕೊಂಡೇ ಹೋಗಬೇಕು.