ಮಾತು ಮುಗಿದ ಮೇಲೆ ಬರಲಿ ಸಂಗೀತ

ಮಾನ್ಯ ಸಂಪಾದಕರೇ,

ಹಾಸ್ಯ ಚಿತ್ರ ಗೆದ್ದರೆ ಸಾಕು, ಅದರ ‘ಭಾಗ 2’ ಬರುತ್ತದೆ. ಅದರ ಹಾಡು ಮತ್ತು ಹಿನ್ನೆಲೆ ಸಂಗೀತ ಹೇಗೆ ತಯಾರಾಗುತ್ತದೆ ಎಂದು ಕಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಮಂಡ್ಯ ಸುತ್ತಲಿನ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿರುವವನು ನಾನು. ಹೋದ ವರ್ಷ ಇಂಥದೇ ಒಂದು ಚಿತ್ರದ ರೀ-ರೆಕಾರ್ಡಿಂಗ್‌ಗೆ, ಅಂದರೆ ದೃಶ್ಯ ನೋಡಿಕೊಂಡು ಹಿನ್ನೆಲೆ ಸಂಗೀತ ನುಡಿಸುವುದಕ್ಕೆ, ಬೆಂಗಳೂರಿಗೆ ಕರೆಸಿಕೊಂಡಿದ್ದರು.

ಮೊದಲ ಭಾಗದಲ್ಲಿ ಸೋದರಮಾವ ಸುಳ್ಳು ಹೇಳಿದಾಗಲೆಲ್ಲ ಹಾರ್ಮೋನಿಯಂನಲ್ಲಿ ನಾಲ್ಕೇ ಸ್ವರದ ಒಂದು ಬಿಟ್ ಬರುತ್ತಿತ್ತು. ಜನಕ್ಕೆ ಅದು ಬಾಯಿಪಾಠ. ಎರಡನೇ ಭಾಗಕ್ಕೂ ಅದೇ ಬೇಕೆಂದು ಚಿತ್ರದವರು ಹೇಳಿದರು, ನನಗೂ ಸಂತೋಷವೇ. ಆದರೆ ಮಾವ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ, ಬಾಯಿ ತೆರೆಯುವ ಮೊದಲೇ ನುಡಿಸಿ ಎಂದರು. ಸಂಗೀತ ನಿರ್ದೇಶಕರು ಒಪ್ಪಲಿಲ್ಲ. ದೃಶ್ಯ ನಿಲ್ಲಿಸಿ ನನಗೆ ತೋರಿಸಿದರು: ಸುಳ್ಳು ಹೇಳಿ ಮುಗಿಸಿದ ಮಾವ ತಲೆ ತಗ್ಗಿಸಿ ಅಂಗಿಯ ಗುಂಡಿ ಮುಟ್ಟಿಕೊಳ್ಳುತ್ತಾನೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಗುಂಡಿ ಮುಟ್ಟಿದ ಮೇಲೆ 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್ ಬಿಟ್ಟು ನುಡಿಸಿದೆ. ಆ ದೃಶ್ಯವನ್ನು ಹತ್ತಾರು ಸಲ ನೋಡಿದ್ದ ಸೌಂಡ್ ಎಂಜಿನಿಯರ್ ಹುಡುಗ ಕೂಡ ನಕ್ಕುಬಿಟ್ಟ.

ಮಂಡ್ಯದಲ್ಲಿ ಸಿನಿಮಾ ನೋಡಲು ಹೋದೆ. ಆದರೆ ತೆರೆಯ ಮೇಲೆ ಆ ಬಿಟ್ ಮಾವನಿಗಿಂತ ಮುಂಚೆಯೇ ಬಂತು. ಸುಳ್ಳು ಬರುತ್ತದೆಂದು ಜನಕ್ಕೆ ಗೊತ್ತಾಗಿಹೋಯಿತು, ಯಾರೂ ನಗಲಿಲ್ಲ. ಇನ್ನೊಂದು ಕಡೆ ನಿಜಕ್ಕೂ ನಕ್ಕರು. ಆ ನಗುವಿನ ಮೇಲೆ ಡೋಲು, ಕಹಳೆ ಎಲ್ಲ ಸುರಿದು ಮುಂದಿನ ಎರಡು ಮಾತು ಕೇಳಿಸಲೇ ಇಲ್ಲ. ಹಳ್ಳಿ ನಾಟಕದಲ್ಲಿ ಜನ ನಗುತ್ತಿದ್ದರೆ ತಿದಿ ಒತ್ತುವ ಕೈ ತಾನಾಗಿ ನಿಲ್ಲುತ್ತದೆ, ತಬಲಾದವರೂ ಪಾತ್ರಧಾರಿಯ ಮುಖ ನೋಡುತ್ತಾ ಕಾಯುತ್ತಾರೆ. ಚಾಪೆಯ ಕೊನೇ ಸಾಲಿನಲ್ಲಿ ಕೂತ ಅಜ್ಜಿಗೂ ಮುಂದಿನ ಮಾತು ಕೇಳಬೇಕಲ್ಲ.

ಹಾಡುಗಳ ಕಥೆಯೂ ಇದೇ. ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಅದು ತಪ್ಪಲ್ಲ, ಬಹಳ ಒಳ್ಳೆಯ ಹಾಡುಗಳು ಹಾಗೇ ಹುಟ್ಟಿವೆ. ಆದರೆ ನಗಿಸುವ ಹಾಡಿಗೆ ಮಾತಿನ ಓಟ ಮುಖ್ಯ. ನಮ್ಮ ಕಡೆ ‘ಓಯ್ತೀನಿ ಕಣ್ಲಾ’ ಅನ್ನುವುದು ಒಂದೇ ಉಸಿರಿನ ಮಾತು. ಅದನ್ನು ಉದ್ದುದ್ದ ಸ್ವರಗಳ ಮೇಲೆ ಎಳೆದು ಕೂರಿಸಿದರೆ ಮಂಡ್ಯದ ಸೊಗಡೂ ಉಳಿಯುವುದಿಲ್ಲ, ನಗುವೂ ಉಳಿಯುವುದಿಲ್ಲ. ಇದರ ಮೇಲೆ, ಮೊದಲ ಭಾಗದ ಹಿಟ್ ಹಾಡಿಗೆ ಹೊಸ ಬೀಟ್ ಸೇರಿಸಿ ಮತ್ತೆ ಕೊಡಿ ಎಂಬ ಒತ್ತಾಯ ಬೇರೆ.

ಹಿಂದೆ ಹೀಗಿರಲಿಲ್ಲ. ಹಾಸ್ಯ ಚಿತ್ರ ‘ಗಣೇಶನ ಮದುವೆ’ 1990ರಲ್ಲಿ ಬಂತು, ಮರುವರ್ಷ ‘ಗೌರಿ ಗಣೇಶ’. ಕಥೆ ಬೇರೆಯಾದರೂ ಎರಡಕ್ಕೂ ನಿರ್ದೇಶಕರು ಫಣಿ ರಾಮಚಂದ್ರ, ನಾಯಕ ಅನಂತನಾಗ್, ಸಂಗೀತ ರಾಜನ್-ನಾಗೇಂದ್ರ. ಹಿಂದಿನದು ಗೆದ್ದಿತೆಂದು ಅದರ ಹಾಡನ್ನೇ ತಂದು ಇಲ್ಲಿ ಅಂಟಿಸಲಿಲ್ಲ. ಮೈಸೂರಿನ ಶಿವರಾಂಪೇಟೆಯ ಆ ಸಹೋದರರ ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ತೆರೆ ನೋಡಿಕೊಂಡು ನುಡಿಸುವುದು ಆ ಮನೆಯಲ್ಲೇ ಇದ್ದ ವಿದ್ಯೆ.

ಈಗ ಸಂಗೀತ ನಿರ್ದೇಶಕರಿಗೆ ತೆರೆ ನೋಡಲು ಪುರುಸೊತ್ತನ್ನೇ ಕೊಡುವುದಿಲ್ಲ. ನಾನು ಹೋದ ಚಿತ್ರಕ್ಕೆ ಬಿಡುಗಡೆ ದಿನ ಗೊತ್ತಾಗಿತ್ತು, ಇಡೀ ಚಿತ್ರದ ಹಿನ್ನೆಲೆ ಸಂಗೀತಕ್ಕೆ ಉಳಿದಿದ್ದು ಒಂಬತ್ತು ದಿನ. ಎಡಿಟಿಂಗ್‌ನಲ್ಲಿ ಬೇರೆ ಯಾವುದೋ ಚಿತ್ರದ ಸಂಗೀತ ಅಂಟಿಸಿಟ್ಟಿದ್ದರು. ‘ಹೀಗೇ ಇರಲಿ’ ಎಂಬುದಷ್ಟೇ ಸೂಚನೆ. ತಮಟೆಗೆ ಕಂಪ್ಯೂಟರ್ ಸದ್ದು. ನಮ್ಮೂರಿನ ತಮಟೆಯವರನ್ನು ಕರೆತರುತ್ತೇನೆಂದು ಹೇಳಿದೆ, ಸಮಯವಿಲ್ಲ ಎಂದರು.

ಎರಡನೇ ಭಾಗ ತೆಗೆಯುವ ನಿರ್ಮಾಪಕರಲ್ಲಿ ನನ್ನ ಕಳಕಳಿಯ ಕೋರಿಕೆ: ಸಂಭಾಷಣೆ ಓದುವ ದಿನವೇ ಸಂಗೀತ ನಿರ್ದೇಶಕರನ್ನು ಜೊತೆಗೆ ಕೂರಿಸಿಕೊಳ್ಳಿ. ರೀ-ರೆಕಾರ್ಡಿಂಗ್‌ಗೆ ಇನ್ನೆರಡು ವಾರ ಹೆಚ್ಚು ಕೊಡಿ. ತಮಟೆಯವರು ಈಗಲೂ ಬರಲು ತಯಾರಿದ್ದಾರೆ.

— ನಾಟಕದ ಹಾರ್ಮೋನಿಯಂ ಮಾಸ್ತರು, ಮಂಡ್ಯ