ಇಂಟೆಲಿಜೆನ್ಸ್ ಅಂದರೆ ಬರೀ ಬುದ್ಧಿ ಅಲ್ಲ

ಎಲ್ಲರಿಗೂ ನಮಸ್ಕಾರ. ಅನುವಾದ ಮಾಡುವ ಗೆಳೆಯರು ದಯವಿಟ್ಟು ಇದನ್ನು ಓದಿ.

ನಿನ್ನೆ ಬಂದ ಒಂದು ಕರಡಿನಲ್ಲಿ ‘ಸೇನೆಗೆ ಮೊದಲೇ ಬುದ್ಧಿವಂತಿಕೆ ಸಿಕ್ಕಿತ್ತು’ ಅಂತ ಇತ್ತು. ಮೂಲದಲ್ಲಿದ್ದ ಪದ ಇಂಟೆಲಿಜೆನ್ಸ್. ಅಲ್ಲಿ ಬೇಕಾಗಿದ್ದದ್ದು ‘ಗುಪ್ತಚರ ಮಾಹಿತಿ’. ಒಂದೇ ಪದ, ಇಡೀ ವಾಕ್ಯ ಕೆಟ್ಟುಹೋಯಿತು.

ಲ್ಯಾಟಿನ್‌ನಲ್ಲಿ ಇದರ ಬೇರು ‘ತಿಳಿದುಕೊಳ್ಳುವುದು’. ತಿಳಿಯುವ ಶಕ್ತಿಗೂ, ತಿಳಿದುಬಂದ ಸುದ್ದಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು. ನಮ್ಮಲ್ಲಿ ಹಾಗಿಲ್ಲ. 1905ರಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಮಕ್ಕಳಿಗಾಗಿ ಪರೀಕ್ಷೆ ಮಾಡಿ ಅಳೆಯಹೊರಟಿದ್ದು ಬುದ್ಧಿಮತ್ತೆ. ಎಐ ಅಂದರೆ ಕೃತಕ ಬುದ್ಧಿಮತ್ತೆ. ಕೇಂದ್ರ ಸರ್ಕಾರದ ಇಂಟೆಲಿಜೆನ್ಸ್ ಬ್ಯೂರೊ ಪತ್ರಿಕೆಗಳಲ್ಲಿ ಗುಪ್ತಚರ ದಳ. ನಮ್ಮ ರಾಜ್ಯದ ಪೊಲೀಸರಲ್ಲಿ ‘ಗುಪ್ತವಾರ್ತೆ’ ಅನ್ನುವ ಪದವೂ ಇದೆ. ನನಗೆ ಇದೇ ಜಾಸ್ತಿ ಇಷ್ಟ. ಗುಟ್ಟಿನ ಸುದ್ದಿ ಅಂತ ನೇರವಾಗಿ ಹೇಳುತ್ತದೆ, ಅಲ್ವಾ?

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಎಚ್ಚರ ಬೇಕು. ‘ಮಗನಿಗೆ ಸ್ವಲ್ಪ ಬುದ್ಧಿ ಹೇಳಿ’ ಅಂದರೆ ತಿಳಿಹೇಳಿ ಅಂತ. ‘ಬುದ್ಧಿ ಕಲಿಸ್ತೀನಿ’ ಅಂದರೆ ಬೆದರಿಕೆ. ‘ನಾಯಿ ಬುದ್ಧಿ’ ಅಂದರೆ ಸ್ವಭಾವ. ಹಳೇ ಮೈಸೂರು ಕಡೆ ಮಠದ ಸ್ವಾಮಿಗಳನ್ನು ಭಕ್ತರು ‘ಬುದ್ಧೀ’ ಅಂತಲೇ ಕರೆಯುತ್ತಾರೆ. ಇವಕ್ಕೆಲ್ಲ ಇಂಟೆಲಿಜೆನ್ಸ್ ಅಂತ ಹಾಕಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಅನುಮಾನ ಬಂದರೆ ಪದವನ್ನಷ್ಟೇ ಕಳಿಸಬೇಡಿ, ಪೂರ್ತಿ ವಾಕ್ಯವನ್ನು ಇಲ್ಲಿ ಹಾಕಿ. ಒಟ್ಟಿಗೆ ನೋಡೋಣ. ನಿನ್ನೆಯ ಕರಡನ್ನು ತಿದ್ದಿ ಭಾನುವಾರ ಮತ್ತೆ ಹಾಕುತ್ತೇನೆ.