ಫೋನ್ ಕೈಯಲ್ಲಿ ಹಿಡಿಸಿ ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಅಪ್ಪನ ವಾಟ್ಸ್ಆ್ಯಪ್‌ಗೆ ಒಂದು ಮದುವೆ ಕರೆಯೋಲೆ ಬಂತು. ಬಂದಿದ್ದು ಹಳೇ ಸಹೋದ್ಯೋಗಿಯ ನಂಬರಿನಿಂದಲೇ. ಅಪ್ಪ ಒತ್ತಿದರು. ‘ಇನ್‌ಸ್ಟಾಲ್’ ಅಂತ ಬಂದಿದ್ದಕ್ಕೂ ಒತ್ತಿದರು. ಅದು ಕರೆಯೋಲೆಯೇ ಅಲ್ಲ, ಎಪಿಕೆ ಫೈಲು. ಅಂದರೆ ಫೋನಿನೊಳಗೆ ಹೊಕ್ಕು ಕೂರುವ ಆ್ಯಪ್. ಎಸ್ಎಂಎಸ್ ಓದಲು ಅನುಮತಿ ಸಿಕ್ಕರೆ ಸಾಕು, ಒಟಿಪಿಯನ್ನು ಅದೇ ಓದಿ ಕಳ್ಳರಿಗೆ ಕಳಿಸುತ್ತದೆ. ಸಂಜೆಯೊಳಗೆ ಪಿಂಚಣಿಯ ಹದಿನೆಂಟು ಸಾವಿರ ಹೋಗಿತ್ತು.

‘ಒಟಿಪಿ ನಾನು ಯಾರಿಗೂ ಹೇಳಿಲ್ಲ ಕಣಮ್ಮ’ ಅಂತ ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದರು. ನಿಜ, ಹೇಳಿರಲಿಲ್ಲ. ಎರಡು ತಿಂಗಳ ಹಿಂದೆ ಸೈಬರ್ ಜಾಗೃತಿ ಕಾರ್ಯಕ್ರಮವೊಂದರಲ್ಲಿ ಕೂತು ಕಲಿತಿದ್ದ ಪಾಠ ಅದು. ಅಲ್ಲಿಗೆ ನಾನೂ ಹೋಗಿದ್ದೆ. ಫೋನ್ ಸೈಲೆಂಟ್ ಮಾಡಿ ಒಳಗಿಡಿ ಅಂದರು. ಪರದೆ ಮೇಲೆ ಇಂಗ್ಲಿಷಿನಲ್ಲಿ ಫಿಶಿಂಗ್, ಮಾಲ್‌ವೇರ್ ಅಂತ ಒಂದಾದ ಮೇಲೊಂದು ಬಂತು. ಕೊನೆಗೆ ಕಾಫಿ, ಗ್ರೂಪ್ ಫೋಟೊ. ಫೋನನ್ನೇ ಒಳಗಿಟ್ಟರೆ ಫೋನಿನ ಪಾಠ ಹೇಗೆ ಹತ್ತುತ್ತದೆ?

ಇದಾದ ಮೇಲೆ ಒಂದು ಭಾನುವಾರ ಅಕ್ಕಪಕ್ಕದ ನಾಲ್ವರನ್ನು ಮನೆಗೆ ಕರೆದು ಊಟದ ಮೇಜಿನ ಸುತ್ತ ಕೂರಿಸಿದೆ. ಅವರವರ ಫೋನ್ ಅವರವರ ಕೈಯಲ್ಲಿ. ಫೈಲಿನ ಹೆಸರಿನ ಕೊನೇ ಮೂರು ಅಕ್ಷರ ‘apk’ ಇದೆಯಾ ಅಂತ ಹೇಗೆ ನೋಡೋದು ಅಂತ ತೋರಿಸಿದೆ. ಕರೆಯೋಲೆ ಫೋಟೊ ಆಗಿರುತ್ತದೆ, ವಿಡಿಯೊ ಅಥವಾ ಪಿಡಿಎಫ್ ಆಗಿರುತ್ತದೆ. ಇನ್‌ಸ್ಟಾಲ್ ಮಾಡು ಅನ್ನುವುದಿಲ್ಲ. ಆಮೇಲೆ ಒಬ್ಬರಿಗೊಬ್ಬರು ಒಂದೊಂದು ರೂಪಾಯಿ ಕಳಿಸಿಕೊಂಡರು. ಕಳಿಸುವಾಗ ಯುಪಿಐ ಪಿನ್ ಕೇಳಿತು, ಬರುವಾಗ ಕೇಳಲಿಲ್ಲ. ‘ಹಾಗಾದ್ರೆ ದುಡ್ಡು ಬರತ್ತೆ, ಪಿನ್ ಹಾಕಿ ಅಂದ್ರೆ ಸುಳ್ಳು ಅಲ್ವಾ!’ ಅಂದರು ಪಕ್ಕದ ಮನೆ ಅಜ್ಜಿ. ಅವರ ಪಿನ್ ಫೋನ್ ಕವರಿನ ಹಿಂದೆ ಪೆನ್ನಿನಲ್ಲಿ ಬರೆದಿತ್ತು. ಅಲ್ಲೇ ಅಳಿಸಿ, ಹೊಸ ಪಿನ್ ಹಾಕಿದೆವು.

ಇನ್ನೊಂದು ಮಾತು. ಅಪ್ಪ ವಿಷಯ ಹೇಳಿದ್ದು ಮಾರನೇ ದಿನ ಸಂಜೆ, ನಾವು ಬೈತೀವಿ ಅಂತ ಹೆದರಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದ್ದರೆ ಹಣ ಹೋಗಿ ಸೇರಿದ ಖಾತೆಯಲ್ಲೇ ಅದನ್ನು ತಡೆಯುವ ಅವಕಾಶ ಇತ್ತು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಮೋಸ ಹೋದವರನ್ನು ಬೈಯಬಾರದು ಅನ್ನೋದನ್ನು ಮನೆಯವರಿಗೂ ಕಲಿಸಬೇಕು.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ, ಪ್ರತಿ ಅಕ್ಟೋಬರಿನಲ್ಲಿ ಸೈಬರ್ ಜಾಗೃತಿ ಮಾಸವೂ ನಡೆಯುತ್ತದೆ. ಪೋಸ್ಟರಿಗೆ ಕೊರತೆ ಇಲ್ಲ. ಕೊರತೆ ಇರುವುದು ಪಕ್ಕದಲ್ಲಿ ಕೂತು, ಕನ್ನಡದಲ್ಲಿ, ಅವರದೇ ಫೋನಿನಲ್ಲಿ ತೋರಿಸುವವರಿಗೆ.

ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಲು ನವೆಂಬರಿನಲ್ಲಿ ಬ್ಯಾಂಕಿಗೆ ಬರುತ್ತಾರೆ, ಸಾಲಿನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಅಲ್ಲೇ ಒಂದು ಮೇಜು ಹಾಕಿ. ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಡಿ, 1930 ಅವರ ಫೋನಿನಲ್ಲಿ ಸೇವ್ ಮಾಡಿಸಿ ಕಳಿಸಿ. ನಗರದ ಬ್ಯಾಂಕುಗಳು ಈ ನವೆಂಬರಿನಲ್ಲಿ ಒಂದೊಂದು ಶಾಖೆಯಲ್ಲಾದರೂ ಶುರು ಮಾಡಲಿ. ಜನ ಸಾಲದಿದ್ದರೆ ಕೂತು ಹೇಳಿಕೊಡಲು ನಾನು ಬರುತ್ತೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.

– ಒಬ್ಬ ಓದುಗಿ, ರಾಜಾಜಿನಗರ, ಬೆಂಗಳೂರು